ಕೇಳಿದ ಮೆಮೊರಿ ಸಿಗದಿದ್ದರೂ ಸದ್ದಿಲ್ಲದೆ ಏಳುತ್ತಿದ್ದ ವರ್ಚುವಲ್ ಮಷೀನ್: ಕ್ಯೂಎಮು ‘ಮೆಮ್-ಪಾತ್’ ದೋಷವನ್ನು ಪತ್ತೆಹಚ್ಚುವ ಬಗೆ

ಲಕ್ಷಣಗಳು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ 64 ಜಿಬಿ ಮೆಮೊರಿಯ ಒಂದೇ ಒಂದು ಸರ್ವರ್ ಇದೆ. ಅದರ ಮೇಲೆ, ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರುಗಳನ್ನು ಸಾಫ್ಟ್‌ವೇರಿನಲ್ಲೇ ಸೃಷ್ಟಿಸುವ ಕ್ಯೂಎಮು ಎಂಬ ಪ್ರೋಗ್ರಾಮ್ ಮತ್ತು ಲಿನಕ್ಸ್ ಕರ್ನಲಿನ ಕೆವಿಎಂ ಸೌಲಭ್ಯ ಬಳಸಿ ಮೂರು ವರ್ಚುವಲ್ ಮಷೀನ್‌ಗಳನ್ನು ಓಡಿಸುತ್ತಾರೆ. ಒಂದರಲ್ಲಿ ಲೆಕ್ಕಪತ್ರವಿದೆ, ಇನ್ನೊಂದರಲ್ಲಿ ವೇಬ್ರಿಜ್‌ನಿಂದ ಬರುವ ತೂಕದ ದಾಖಲೆ, ಮೂರನೆಯದರಲ್ಲಿ ಗೋದಾಮಿನ ದಾಸ್ತಾನು. ಯಾವ ಬೆಳೆಗಾರರ ಪಾರ್ಚ್‌ಮೆಂಟ್ ಅಥವಾ ಚೆರಿ ಮೂಟೆ ಯಾವ ಲಾಟಿನಲ್ಲಿದೆ ಎಂಬ ಮಾಹಿತಿ ಈ ಮೂರನೆಯದರಲ್ಲೇ ಇರುವುದರಿಂದ, ಕೊಯ್ಲಿನ ಕಾಲದಲ್ಲಿ ಅದು ನಿಂತರೆ ಗೇಟಿನ ಹೊರಗೆ ಲಾರಿಗಳೂ ನಿಲ್ಲುತ್ತವೆ.

ಹಾಸನದಿಂದ ಬೇಲೂರು ದಾರಿಯಾಗಿ ನಾನು ಅಲ್ಲಿಗೆ ಹೋದದ್ದು ಒಂದೇ ಒಂದು ದೂರಿನ ಮೇಲೆ. ಸರ್ವರಿನ ಆಪರೇಟಿಂಗ್ ಸಿಸ್ಟಂ ಆದ ಉಬುಂಟುವನ್ನು 20.04ರಿಂದ 22.04ಕ್ಕೆ ಏರಿಸಿದ ಮರುದಿನದಿಂದ ದಾಸ್ತಾನಿನ ಮಷೀನ್ ಏಳುವುದೇ ಇಲ್ಲ ಎಂಬುದು ಆ ದೂರು. ‘ನಿನ್ನೆವರೆಗೂ ಚೆನ್ನಾಗೇ ಓಡ್ತಿತ್ತಲ್ಲ ಸಾರ್, ಅಪ್‌ಗ್ರೇಡ್ ಮಾಡಿದ್ದಕ್ಕೇ ಹಿಂಗಾಗಿದ್ದು’ ಎಂದು ಅಲ್ಲಿನವರು ಹೇಳಿದರು. ಆದರೆ ಸ್ವಲ್ಪ ಕೆದಕಿ ಕೇಳಿದಾಗ, ಅದೇ ಮಷೀನ್ ಕಳೆದ ಒಂದು ವರ್ಷದಲ್ಲಿ ಹಲವು ಬಾರಿ ರಾತ್ರಿ ಹೊತ್ತಿನಲ್ಲಿ ತಾನಾಗಿ ಸತ್ತುಹೋಗಿತ್ತೆಂದೂ, ಬೆಳಿಗ್ಗೆ ಮತ್ತೆ ಎಬ್ಬಿಸಿದರೆ ವಾರವೋ ಹತ್ತು ದಿನವೋ ಸರಿಯಾಗಿದ್ದು ಪುನಃ ಹಾಗೇ ಆಗುತ್ತಿತ್ತೆಂದೂ, ಕರೆಂಟಿನ ತೊಂದರೆ ಇರಬಹುದೆಂದು ಎಲ್ಲರೂ ಸುಮ್ಮನಾಗಿದ್ದರೆಂದೂ ತಿಳಿಯಿತು. ಈಗ ಏಳದಿರುವುದು ಮತ್ತು ಆಗ ರಾತ್ರಿ ಸಾಯುತ್ತಿದ್ದುದು ಎರಡು ಬೇರೆ ಬೇರೆ ದೋಷಗಳಂತೆ ಕಂಡರೂ ಮೂಲ ಒಂದೇ. ಹಳೆಯ ಕ್ಯೂಎಮು ಅದನ್ನು ಮುಚ್ಚಿಡುತ್ತಿತ್ತು, ಹೊಸದು ಮುಚ್ಚಿಡುವುದಿಲ್ಲ, ಅಷ್ಟೇ. ನಿಮ್ಮ ಸರ್ವರಿನಲ್ಲಿಯೂ ಇಂಥದ್ದೇ ಲಕ್ಷಣಗಳಿದ್ದರೆ ಈ ಕೈಪಿಡಿಯ ಕ್ರಮವನ್ನು ಅನುಸರಿಸಬಹುದು.

ಹಿನ್ನೆಲೆ: ದೊಡ್ಡ ಪುಟಗಳು ಮತ್ತು ಬದಲಿ ಏರ್ಪಾಡು

ಎಕ್ಸ್86-64 ಪ್ರೊಸೆಸರುಗಳಲ್ಲಿ ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿ ಅಳತೆಯ ಪುಟಗಳಾಗಿ ಹಂಚಲಾಗುತ್ತದೆ. ಈ ಲೆಕ್ಕದಲ್ಲಿ 16 ಜಿಬಿ ಮೆಮೊರಿಯ ಒಂದು ವರ್ಚುವಲ್ ಮಷೀನಿಗೆ 41,94,304 ಪುಟಗಳು ಬೇಕು. ಅದೇ ಮೆಮೊರಿಯನ್ನು 2 ಎಂಬಿ ಅಳತೆಯ ಹ್ಯೂಜ್‌ಪೇಜ್‌ಗಳಲ್ಲಿ, ಅಂದರೆ ದೊಡ್ಡ ಪುಟಗಳಲ್ಲಿ ಕೊಟ್ಟರೆ 8,192 ಪುಟಗಳು ಸಾಕು. ವಿಳಾಸಗಳನ್ನು ಪರಿವರ್ತಿಸುವ ಕೋಷ್ಟಕ ಚಿಕ್ಕದಾಗುತ್ತದೆ, ಪ್ರೊಸೆಸರಿನ ಟಿಎಲ್‌ಬಿ ಎಂಬ ಪುಟ್ಟ ನೆನಪಿನ ಪಟ್ಟಿಯಲ್ಲಿ ಹೆಚ್ಚು ಮೆಮೊರಿ ಹಿಡಿಯುತ್ತದೆ. ವರ್ಚುವಲ್ ಮಷೀನಿನಲ್ಲಿ ಇದರ ಲಾಭ ಇನ್ನೂ ಹೆಚ್ಚು. ಗೆಸ್ಟಿನ (ವರ್ಚುವಲ್ ಮಷೀನಿನ) ಕೋಷ್ಟಕ ಮತ್ತು ಹೋಸ್ಟಿನ (ಅದನ್ನು ಹೊತ್ತ ಸರ್ವರಿನ) ಕೋಷ್ಟಕ ಎರಡೂ ನಾಲ್ಕು ಹಂತದವಾಗಿದ್ದಾಗ, ಟಿಎಲ್‌ಬಿಯಲ್ಲಿ ಸಿಗದ ಒಂದೇ ಒಂದು ವಿಳಾಸಕ್ಕಾಗಿ ಪ್ರೊಸೆಸರ್ 24 ಬಾರಿಯವರೆಗೂ ಮೆಮೊರಿಯನ್ನು ಓದಬೇಕಾಗಬಹುದು.

ಈ ದೊಡ್ಡ ಪುಟಗಳನ್ನು ಲಿನಕ್ಸ್ ಕರ್ನಲ್ ಮೊದಲೇ ಬೇರೆಯಾಗಿ ಎತ್ತಿಡುತ್ತದೆ. ಆಡಳಿತ ನೋಡಿಕೊಳ್ಳುವವರು ‘ಎನ್ಆರ್ ಹ್ಯೂಜ್‌ಪೇಜಸ್’ ಎಂಬ ಸೆಟ್ಟಿಂಗಿನಲ್ಲಿ ಎಷ್ಟು ಬೇಕೆಂದು ಬರೆಯುತ್ತಾರೆ. ಪೂಲ್ ಎಂದು ಕರೆಯುವ ಈ ಸಂಗ್ರಹವನ್ನು ನಾನು ಇಲ್ಲಿ ಕಣಜ ಎಂದೇ ಕರೆಯುತ್ತೇನೆ, ಏಕೆಂದರೆ ಅದರ ಸ್ವಭಾವ ಬಿತ್ತನೆಗೆಂದು ಎತ್ತಿಟ್ಟ ಭತ್ತದಂತಿದೆ: ಮನೆಯವರೆಲ್ಲ ಹಸಿದಿದ್ದರೂ ಅದನ್ನು ಅಡುಗೆಗೆ ತೆಗೆಯುವಂತಿಲ್ಲ. ಕಣಜಕ್ಕೆ ಹೋದ ಮೆಮೊರಿಯನ್ನು ಸಾಮಾನ್ಯ ಪ್ರೋಗ್ರಾಮುಗಳು ಮುಟ್ಟಲಾರವು, ಅದು ಖಾಲಿ ಬಿದ್ದಿದ್ದರೂ ಕರ್ನಲ್ ಅದನ್ನು ಅವಕ್ಕೆ ಹಂಚುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ರಾತ್ರಿಯ ಸಾವುಗಳ ಕಾರಣ ಇದರಲ್ಲೇ ಇದೆ.

ಕ್ಯೂಎಮುವನ್ನು ನೇರವಾಗಿ ಕಮಾಂಡಿನಿಂದ ಓಡಿಸುವವರು ‘ಮೆಮ್-ಪಾತ್’ ಎಂಬ ಆಯ್ಕೆಯಲ್ಲಿ ಹ್ಯೂಜ್‌ಟಿಎಲ್‌ಬಿ-ಎಫ್‌ಎಸ್ (ದೊಡ್ಡ ಪುಟಗಳನ್ನು ಕಡತಗಳ ರೂಪದಲ್ಲಿ ಕೊಡುವ ಕಡತವ್ಯವಸ್ಥೆ) ಮೌಂಟ್ ಆಗಿರುವ, ಅಂದರೆ ಜೋಡಣೆಯಾಗಿರುವ ಜಾಗದ ಹೆಸರು ಕೊಟ್ಟು, ‘ಎಂ’ ಆಯ್ಕೆಯಲ್ಲಿ ಗೆಸ್ಟಿಗೆ ಎಷ್ಟು ಮೆಮೊರಿ ಎಂದು ಹೇಳುತ್ತಾರೆ. ಕಣಜದಲ್ಲಿ ಅಷ್ಟು ಪುಟಗಳು ಇಲ್ಲದಿದ್ದರೆ ಏನಾಗಬೇಕು? ಹಳೆಯ ಆವೃತ್ತಿಗಳು ಒಂದು ದೋಷದ ಸಾಲನ್ನು, ದೋಷಗಳನ್ನು ತಿಳಿಸಲೆಂದೇ ಇರುವ ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ಬಳಕೆದಾರರು ಕೊಟ್ಟ ಜಾಗವನ್ನು ಪೂರ್ತಿ ಕೈಬಿಟ್ಟು, ಗೆಸ್ಟಿನ ಇಡೀ ಮೆಮೊರಿಯನ್ನು ಸಾಮಾನ್ಯ ಮೆಮೊರಿಯಿಂದ ಪಡೆದು ಮುಂದುವರಿಯುತ್ತಿದ್ದವು. ಮಷೀನ್ ಏಳುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಇದೇ ಆ ಸದ್ದಿಲ್ಲದ ಫಾಲ್‌ಬ್ಯಾಕ್.

2019ರ ಆಗಸ್ಟಿನಲ್ಲಿ ಬಂದ ಕ್ಯೂಎಮು 4.1ರಲ್ಲಿ ಈ ಬದಲಿ ಏರ್ಪಾಡನ್ನು ಹಿಂತೆಗೆಯಲಾಗುವುದೆಂದು ಘೋಷಿಸಲಾಯಿತು. ಕೇಳಿದ ಜಾಗವನ್ನು ಬಿಟ್ಟು ಬೇರೆಡೆಯಿಂದ ಮೆಮೊರಿ ತಂದರೆ ನಡವಳಿಕೆ ಊಹೆಗೆ ನಿಲುಕುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಹಿಂತೆಗೆತದ ಸೂಚನೆ ಕೊಟ್ಟ ಸೌಲಭ್ಯವನ್ನು ಕನಿಷ್ಠ ಎರಡು ಬಿಡುಗಡೆಗಳವರೆಗೆ ಉಳಿಸಿಕೊಳ್ಳುವುದು ಆ ಯೋಜನೆಯ ನಿಯಮವಾದ್ದರಿಂದ 4.1 ಮತ್ತು 4.2ರಲ್ಲಿ ಅದು ಎಚ್ಚರಿಕೆಯೊಂದಿಗೆ ಉಳಿಯಿತು; 2020ರ ಏಪ್ರಿಲಿನಲ್ಲಿ ಬಂದ 5.0ರಲ್ಲಿ ಅದನ್ನು ತೆಗೆದುಹಾಕಲಾಯಿತು. ಈಗ ಕೇಳಿದ ಮೆಮೊರಿ ಸಿಗದಿದ್ದರೆ ಕ್ಯೂಎಮು ದೋಷ ತಿಳಿಸಿ ಅಲ್ಲೇ ನಿಲ್ಲುತ್ತದೆ. ಉಬುಂಟು 20.04ರಲ್ಲಿರುವುದು 4.2, ಉಬುಂಟು 22.04ರಲ್ಲಿರುವುದು 6.2. ಡೆಬಿಯನ್ ಬಳಸುವವರಿಗೆ ಗಡಿ 10 ಮತ್ತು 11ರ ನಡುವೆ ಬರುತ್ತದೆ, ಅಲ್ಲಿ ಕ್ಯೂಎಮು 3.1ರಿಂದ 5.2ಕ್ಕೆ ಜಿಗಿದಿದೆ.

ಮೊದಲು ನೋಡಬೇಕಾದದ್ದು: ಮಷೀನನ್ನು ಎಬ್ಬಿಸುವವರು ಯಾರು

ವರ್ಚುವಲ್ ಮಷೀನುಗಳನ್ನು ಲಿಬ್‌ವರ್ಟ್ ಎಂಬ ನಿರ್ವಹಣಾ ತಂತ್ರಾಂಶದ ಮೂಲಕ ನಡೆಸುತ್ತಿದ್ದರೆ ಈ ದೋಷಕ್ಕೆ ಸಿಲುಕಿರುವ ಸಾಧ್ಯತೆ ಬಹಳ ಕಡಿಮೆ. ಹ್ಯೂಜ್‌ಪೇಜ್ ಕೇಳಿದ ಮಷೀನಿಗೆ ಲಿಬ್‌ವರ್ಟ್ ಎಲ್ಲ ಮೆಮೊರಿಯನ್ನೂ ಮೊದಲೇ ಪಡೆಯುವ ‘ಮೆಮ್-ಪ್ರಿಅಲಾಕ್’ ಎಂಬ ಆಯ್ಕೆಯನ್ನೂ ಸೇರಿಸುತ್ತಿತ್ತು. ಆ ಆಯ್ಕೆ ಇದ್ದಾಗ ಹಳೆಯ ಕ್ಯೂಎಮು ಕೂಡ ಬದಲಿ ದಾರಿ ಹಿಡಿಯದೆ ನಿಲ್ಲುತ್ತಿತ್ತು. ತೊಂದರೆಗೆ ಸಿಲುಕುವವು ಯಾರೋ ಎಂದೋ ಬರೆದಿಟ್ಟ ಶೆಲ್ ಸ್ಕ್ರಿಪ್ಟುಗಳು.

ಚಿಕ್ಕಮಗಳೂರಿನಲ್ಲಿ ಇದ್ದದ್ದೂ ಅಂಥದ್ದೇ. ಸ್ಕ್ರಿಪ್ಟಿನಲ್ಲಿ ಮೂರು ಮಷೀನುಗಳಿಗೂ ಮೂರು ಸಾಲು, ಪ್ರತಿ ಸಾಲಿನ ಕೊನೆಯಲ್ಲಿ ಸ್ಟ್ಯಾಂಡರ್ಡ್ ಎರರ್ ಅನ್ನು ‘ಡೆವ್ ನಲ್’ಗೆ, ಅಂದರೆ ಬರೆದದ್ದೆಲ್ಲ ಮಾಯವಾಗುವ ಜಾಗಕ್ಕೆ ಕಳುಹಿಸುವ ವ್ಯವಸ್ಥೆ. ಅಂದರೆ ಸಾಮಾನ್ಯ ಮೆಮೊರಿಗೆ ಇಳಿಯುತ್ತಿದ್ದೇನೆ, ಈ ಪದ್ಧತಿ ಮುಂದೆ ಇರುವುದಿಲ್ಲ, ಕೊಟ್ಟ ಜಾಗದಲ್ಲಿ ಸಾಕಷ್ಟು ಮೆಮೊರಿ ಇರುವಂತೆ ನೋಡಿಕೊಳ್ಳಿ ಎಂದು ಕ್ಯೂಎಮು 4.2 ಪ್ರತಿ ಬಾರಿಯೂ ಹೇಳುತ್ತಲೇ ಇತ್ತು, ಅದರ ಬಾಯಿಗೆ ಬಟ್ಟೆ ತುರುಕಿದವರು ನಾವೇ. ಮೊದಲ ಕೆಲಸವಾಗಿ ಆ ಭಾಗವನ್ನು ಅಳಿಸಿ, ಹೊರಬರುವ ಸಾಲುಗಳು ಒಂದು ಲಾಗ್ ಕಡತಕ್ಕೆ ಹೋಗುವಂತೆ ಮಾಡಿ. ಸ್ಕ್ರಿಪ್ಟನ್ನು ಸಿಸ್ಟಂಡಿ (ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸಿ ನಡೆಸುವ ವ್ಯವಸ್ಥೆ) ಯೂನಿಟ್ ಆಗಿ ಬರೆದರೆ ಆ ಸಾಲುಗಳು ತಾವಾಗಿಯೇ ಅದರ ಜರ್ನಲ್ ಎಂಬ ಲಾಗಿಗೆ ಹೋಗುತ್ತವೆ. ಹೀಗೆ ಮಾಡಿ ಮತ್ತೆ ಓಡಿಸಿದಾಗ, ಗೆಸ್ಟಿನ ಮೆಮೊರಿಗೆ ಆಧಾರವಾದ ಸಂಗ್ರಹವನ್ನು ಮ್ಯಾಪ್ ಮಾಡಲಾಗಲಿಲ್ಲ, ಮೆಮೊರಿ ಹಂಚಲು ಸಾಧ್ಯವಿಲ್ಲ ಎಂಬ ಅರ್ಥದ ಒಂದು ಸಾಲು ಕಂಡರೆ ನೀವು ಸರಿಯಾದ ಕೈಪಿಡಿಯನ್ನೇ ಓದುತ್ತಿದ್ದೀರಿ.

ಓಡುತ್ತಿರುವ ಮಷೀನ್ ನಿಜವಾಗಿ ಯಾವ ಮೆಮೊರಿಯ ಮೇಲೆ ನಿಂತಿದೆ

ಇನ್ನೂ ಹಳೆಯ ಆವೃತ್ತಿಯಲ್ಲೇ ಇರುವವರು ಅಪ್‌ಗ್ರೇಡಿಗೆ ಮುಂಚೆಯೇ ಈ ಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂಬುದು ನನ್ನ ಸಲಹೆ. ಕಮಾಂಡಿನಲ್ಲಿ ಏನು ಬರೆದಿದೆ ಎಂಬುದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ‘ಪಿಎಸ್’ ಕೊಡುವ ಪಟ್ಟಿಯಲ್ಲಿ ‘ಮೆಮ್-ಪಾತ್’ ಕಾಣುತ್ತದೆ, ಆದರೆ ಅದು ಕೇಳಿದ್ದನ್ನು ಹೇಳುತ್ತದೆಯೇ ಹೊರತು ಸಿಕ್ಕಿದ್ದನ್ನಲ್ಲ.

ಓಡುತ್ತಿರುವ ಮಷೀನಿಗೆ ಆದೇಶ ಕೊಡುವ ಕ್ಯೂಎಮು ಮಾನಿಟರ್ ತೆರೆಯಲು ಸಾಧ್ಯವಿದ್ದರೆ ‘ಇನ್ಫೋ ರ‍್ಯಾಮ್‌ಬ್ಲಾಕ್’ ಎಂಬ ಆದೇಶ ಕೊಡಿ. ‘ಪಿಸಿ ರ‍್ಯಾಮ್’ ಎಂಬ ಹೆಸರಿನ ಸಾಲಿನಲ್ಲಿ ಪುಟದ ಅಳತೆ 2 ಎಂಬಿ ಎಂದಿದ್ದರೆ ಗೆಸ್ಟ್ ಕಣಜದ ಮೇಲಿದೆ, 4 ಕೆಬಿ ಎಂದಿದ್ದರೆ ಸಾಮಾನ್ಯ ಮೆಮೊರಿಯ ಮೇಲಿದೆ. ಮಾನಿಟರ್ ಇಲ್ಲದಿದ್ದರೆ ಹೋಸ್ಟಿನಲ್ಲಿ ಆ ಪ್ರೊಸೆಸ್ಸಿನ ‘ಪ್ರಾಕ್’ ಕೋಶದೊಳಗಿನ ‘ಸ್ಟೇಟಸ್’ ಕಡತವನ್ನು ಓದಿ. ಅದರಲ್ಲಿ ‘ಹ್ಯೂಜ್‌ಟಿಎಲ್‌ಬಿ ಪೇಜಸ್’ ಎಂಬ ಸಾಲು ಇರುತ್ತದೆ. ಲೆಕ್ಕಪತ್ರದ ಮಷೀನಿನಲ್ಲಿ ಅಲ್ಲಿ ಹಲವು ಜಿಬಿಯಷ್ಟು ಸಂಖ್ಯೆ ಇದ್ದು, ಅದರ ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದಿರುವ ಸಾಮಾನ್ಯ ಮೆಮೊರಿ) ಬಹಳ ಚಿಕ್ಕದಿತ್ತು. ಹಳೆಯ ಡಿಸ್ಕಿನ ಪ್ರತಿಯಿಂದ ಹಿಂದಿನ ವ್ಯವಸ್ಥೆಯನ್ನು ಒಮ್ಮೆ ಎಬ್ಬಿಸಿ ದಾಸ್ತಾನಿನ ಮಷೀನನ್ನು ನೋಡಿದಾಗ ಅದು ತಲೆಕೆಳಗಾಗಿತ್ತು: ಹ್ಯೂಜ್‌ಟಿಎಲ್‌ಬಿ ಸೊನ್ನೆ, ಆರ್‌ಎಸ್‌ಎಸ್ ನೋಡನೋಡುತ್ತ ಏರುತ್ತಿತ್ತು. ಅದೇ ಕೋಶದ ‘ಮ್ಯಾಪ್ಸ್’ ಕಡತದಲ್ಲೂ ಗುರುತು ಸಿಗುತ್ತದೆ. ಕಣಜದ ಮೇಲಿರುವ ಗೆಸ್ಟಿನ ದೊಡ್ಡ ಮೆಮೊರಿ ಭಾಗದ ಮುಂದೆ ಹ್ಯೂಜ್‌ಪೇಜ್ ಜಾಗದ ಹೆಸರೂ ‘ಅಳಿಸಲಾಗಿದೆ’ ಎಂಬ ಒಕ್ಕಣೆಯೂ ಇರುತ್ತವೆ. ಕ್ಯೂಎಮು ತಾತ್ಕಾಲಿಕ ಕಡತವನ್ನು ಸೃಷ್ಟಿಸಿ ಕೂಡಲೇ ಅದರ ಹೆಸರನ್ನು ಅಳಿಸುವುದರಿಂದ ಹಾಗೆ ಕಾಣುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. ಸಾಮಾನ್ಯ ಮೆಮೊರಿಗೆ ಇಳಿದ ಗೆಸ್ಟಿನಲ್ಲಿ ಆ ಭಾಗಕ್ಕೆ ಹೆಸರೇ ಇರುವುದಿಲ್ಲ.

ಇಲ್ಲಿ ಎರಡು ಕಡೆ ಜನ ಮೋಸ ಹೋಗುವುದನ್ನು ಕಂಡಿದ್ದೇನೆ. ಒಂದು, ಹೋಸ್ಟಿನ ಮೆಮೊರಿ ಲೆಕ್ಕವಿರುವ ‘ಮೆಮ್‌ಇನ್ಫೋ’ ಕಡತದಲ್ಲಿ ‘ಅನಾನ್ ಹ್ಯೂಜ್‌ಪೇಜಸ್’ ಎಂಬ ಸಾಲಿನ ದೊಡ್ಡ ಸಂಖ್ಯೆಯನ್ನು ನೋಡಿ ಹ್ಯೂಜ್‌ಪೇಜ್ ಕೆಲಸ ಮಾಡುತ್ತಿದೆ ಎಂದುಕೊಳ್ಳುವುದು. ಅದು ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ ಎಂಬ ಬೇರೆಯೇ ಸೌಲಭ್ಯದ ಲೆಕ್ಕ. ಕರ್ನಲ್ ತನಗೆ ಅನುಕೂಲವಾದಾಗ ಸಾಮಾನ್ಯ ಪುಟಗಳನ್ನೇ ಒಟ್ಟುಗೂಡಿಸಿ ಕೊಡುವಂಥದ್ದು, ಕಣಜಕ್ಕೂ ಅದಕ್ಕೂ ಸಂಬಂಧವಿಲ್ಲ. ಬದಲಿ ಮೆಮೊರಿಯ ಮೇಲೆ ನಿಂತ ಗೆಸ್ಟ್ ವೇಗದಲ್ಲಿ ಅಷ್ಟೇನೂ ಹಿಂದೆ ಬೀಳದಿರಲು, ಹಾಗಾಗಿ ಯಾರಿಗೂ ಅನುಮಾನ ಬಾರದಿರಲು ಇದೂ ಒಂದು ಕಾರಣ. ಎರಡು, ‘ಫ್ರೀ’ ಆದೇಶ. ಅದು ಕಣಜವನ್ನೆಲ್ಲ ಬಳಕೆಯಾದ ಮೆಮೊರಿ ಎಂದೇ ತೋರಿಸುತ್ತದೆ. ವರ್ಷವಿಡೀ ಬಳಕೆಯ ಅಂಕಣದಲ್ಲಿ 40 ಜಿಬಿಗಿಂತ ಹೆಚ್ಚು ನೋಡಿ ಅಭ್ಯಾಸವಾದವರಿಗೆ ಅದು ಇನ್ನಷ್ಟು ಏರಿದ್ದು ಕಣ್ಣಿಗೆ ಬೀಳುವುದಿಲ್ಲ.

ಕಣಜದ ಲೆಕ್ಕ

ಈಗ ‘ಮೆಮ್‌ಇನ್ಫೋ’ದ ಹ್ಯೂಜ್‌ಪೇಜ್ ಸಾಲುಗಳಿಗೆ ಬನ್ನಿ. ಟೋಟಲ್, ಫ್ರೀ, ರಿಸರ್ವ್ಡ್ ಮತ್ತು ಸರ್‌ಪ್ಲಸ್ ಎಂಬ ನಾಲ್ಕು ಸಂಖ್ಯೆಗಳು ಅಲ್ಲಿರುತ್ತವೆ. ಹೆಚ್ಚಿನವರು ಫ್ರೀ ಎಂಬುದನ್ನು ಮಾತ್ರ ನೋಡುತ್ತಾರೆ, ಎಡವುವುದೂ ಅಲ್ಲೇ.

ಈ ಸರ್ವರಿನಲ್ಲಿ ಟೋಟಲ್ 20,480 ಎಂದಿತ್ತು, ಅಂದರೆ 2 ಎಂಬಿಯ ಲೆಕ್ಕದಲ್ಲಿ 40 ಜಿಬಿ. ಲೆಕ್ಕಪತ್ರ ಮತ್ತು ವೇಬ್ರಿಜ್ ಮಷೀನುಗಳು ಎದ್ದ ಸ್ವಲ್ಪ ಹೊತ್ತಿಗೆ ಫ್ರೀ 9,000 ಇತ್ತು. ದಾಸ್ತಾನಿನ ಮಷೀನಿಗೆ ಬೇಕಾದದ್ದು 8,192. ಬೇಕಾದದ್ದಕ್ಕಿಂತ ಹೆಚ್ಚೇ ಇದೆಯಲ್ಲ, ಮತ್ತೇಕೆ ಸಿಗುತ್ತಿಲ್ಲ ಎಂದು ಅಲ್ಲಿನ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ರಿಸರ್ವ್ಡ್ ಸಾಲಿನಲ್ಲಿತ್ತು: 4,904. ಒಂದು ಪ್ರೊಸೆಸ್ ಕಣಜದಿಂದ ಮೆಮೊರಿ ಮ್ಯಾಪ್ ಮಾಡಿದಾಗ ಕರ್ನಲ್ ಅಷ್ಟೂ ಪುಟಗಳನ್ನು ಅದರ ಹೆಸರಿಗೆ ಕಾದಿರಿಸುತ್ತದೆ, ಆದರೆ ಆ ಪ್ರೊಸೆಸ್ ಪುಟವೊಂದನ್ನು ಮೊದಲ ಬಾರಿ ಮುಟ್ಟುವವರೆಗೆ ಅದನ್ನು ಫ್ರೀ ಲೆಕ್ಕದಿಂದ ಕಳೆಯುವುದಿಲ್ಲ. ಮಾತು ಕೊಟ್ಟು ಮುಗಿದ ಮೂಟೆಗಳು ಇನ್ನೂ ಗೋದಾಮಿನಲ್ಲೇ ಕಾಣುತ್ತಿರುವಂತೆ. ಆದ್ದರಿಂದ ನಿಜಕ್ಕೂ ಲಭ್ಯವಿರುವುದು ಫ್ರೀಯಿಂದ ರಿಸರ್ವ್ಡ್ ಅನ್ನು ಕಳೆದಾಗ ಉಳಿಯುವುದು ಮಾತ್ರ: 9,000ದಿಂದ 4,904 ಕಳೆದರೆ 4,096. ಅಂದರೆ 8 ಜಿಬಿ. ಬೇಕಾದದ್ದು 16 ಜಿಬಿ.

ಕೊರತೆ ಎಲ್ಲಿಂದ ಬಂತು ಎಂದು ಹುಡುಕಲು ಸ್ಕ್ರಿಪ್ಟಿನ ಹಳೆಯ ಪ್ರತಿಯೊಂದು ನೆರವಾಯಿತು. ಮೊದಲು ಲೆಕ್ಕಪತ್ರಕ್ಕೆ 16, ವೇಬ್ರಿಜ್‌ಗೆ 8, ದಾಸ್ತಾನಿಗೆ 16 ಎಂದು ಒಟ್ಟು 40 ಜಿಬಿ ಸರಿಯಾಗಿ ಹೊಂದುತ್ತಿತ್ತು. ಒಂದು ವರ್ಷದ ಹಿಂದೆ, ವರ್ಷಾಂತ್ಯದ ಲೆಕ್ಕ ನಿಧಾನವಾಗುತ್ತಿದೆ ಎಂಬ ಕಾರಣಕ್ಕೆ ಯಾರೋ ಲೆಕ್ಕಪತ್ರದ ಮಷೀನಿನ 16 ಅನ್ನು 24 ಎಂದು ತಿದ್ದಿದ್ದರು. ಕಣಜವನ್ನು ಹಿಗ್ಗಿಸಿರಲಿಲ್ಲ. ಸ್ಕ್ರಿಪ್ಟಿನಲ್ಲಿ ಮೊದಲು ಏಳುವುದು ಲೆಕ್ಕಪತ್ರ, ಆಮೇಲೆ ವೇಬ್ರಿಜ್. ಕೊನೆಗೆ ಬಂದ ದಾಸ್ತಾನಿನ ಪಾಲಿಗೆ ಅರ್ಧವಷ್ಟೇ ಉಳಿಯಿತು. ತಪ್ಪು ಮಾಡಿದ ಮಷೀನ್ ಒಂದು, ಸತ್ತದ್ದು ಇನ್ನೊಂದು. ಅನುಕ್ರಮವನ್ನು ಬದಲಿಸಿದ್ದರೆ ಸಾಯುವ ಮಷೀನೂ ಬದಲಾಗುತ್ತಿತ್ತು, ಆದ್ದರಿಂದ ಏಳದ ಮಷೀನಿನ ಒಳಗೆ ಹುಡುಕುತ್ತ ಕೂರಬೇಡಿ, ಎಲ್ಲವನ್ನೂ ಕೂಡಿಸಿ ನೋಡಿ.

ರಾತ್ರಿಯ ಸಾವುಗಳು

ಬದಲಿ ಏರ್ಪಾಡು ಇದ್ದಾಗ ಈ ಕೊರತೆಯ ಫಲವಾಗಿ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಹಳೆಯದು ಕನಿಷ್ಠ ಓಡುತ್ತಿತ್ತಲ್ಲ’ ಎಂಬ ವಾದಕ್ಕೆ ಉತ್ತರ ಇಲ್ಲಿದೆ.

ಹೋಸ್ಟಿನ 64 ಜಿಬಿಯಲ್ಲಿ 40 ಕಣಜಕ್ಕೆ ಹೋಗಿದ್ದರಿಂದ ಉಳಿದ ಎಲ್ಲ ಕೆಲಸಗಳಿಗೂ ಇದ್ದದ್ದು 24. ದಾಸ್ತಾನಿನ ಗೆಸ್ಟ್ ಕಣಜದಲ್ಲಿ ಉಳಿದಿದ್ದ 8 ಜಿಬಿಯನ್ನು ಮುಟ್ಟಲೇ ಇಲ್ಲ, ಏಕೆಂದರೆ ಬದಲಿ ಏರ್ಪಾಡು ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ಎಂಬ ರೀತಿಯದಲ್ಲ, ಇಡಿಯಾಗಿ ಸಾಮಾನ್ಯ ಮೆಮೊರಿಗೆ ಇಳಿಯುವಂಥದ್ದು. ಹೀಗೆ 24ರಲ್ಲಿ 16 ಜಿಬಿ ದಾಸ್ತಾನಿಗೆ ಹೋದರೆ ಹೋಸ್ಟಿಗೆ 8 ಜಿಬಿ ಉಳಿಯಿತು, ಪಕ್ಕದಲ್ಲೇ ಕಣಜದ 8 ಜಿಬಿ ಯಾರ ಉಪಯೋಗಕ್ಕೂ ಇಲ್ಲದೆ ಬಿದ್ದಿತ್ತು. ಸಾಮಾನ್ಯ ಮೆಮೊರಿಯನ್ನೂ ಕರ್ನಲ್ ಮುಟ್ಟಿದಾಗ ಮಾತ್ರ ಕೊಡುವುದರಿಂದ ಗೆಸ್ಟ್ ಎದ್ದ ದಿನ ಏನೂ ಕಾಣುವುದಿಲ್ಲ. ಗೆಸ್ಟಿನೊಳಗಿನ ಡೇಟಾಬೇಸ್ ದಿನದಿನಕ್ಕೆ ಹೆಚ್ಚು ಪುಟಗಳನ್ನು ಮುಟ್ಟುತ್ತ ಹೋದಂತೆ ಆರ್‌ಎಸ್‌ಎಸ್ ಏರುತ್ತದೆ. ಕೊನೆಗೊಂದು ರಾತ್ರಿ ಬ್ಯಾಕಪ್ ಪ್ರೋಗ್ರಾಮ್ ಕಡತಗಳನ್ನು ಸಂಕುಚಿಸಲು ಒಂದಷ್ಟು ಜಿಬಿ ಕೇಳಿದಾಗ ಹೋಸ್ಟಿನಲ್ಲಿ ಮೆಮೊರಿ ಮುಗಿದು, ಯಾವುದಾದರೂ ಪ್ರೊಸೆಸ್ಸನ್ನು ಕೊಂದು ಜಾಗ ಮಾಡುವ ಕರ್ನಲಿನ ಓಓಎಂ ಕಿಲ್ಲರ್ ಎಚ್ಚೆತ್ತುಕೊಳ್ಳುತ್ತದೆ.

ಅದು ಯಾರನ್ನು ಬಲಿ ತೆಗೆದುಕೊಳ್ಳುತ್ತದೆ ಎಂಬುದರಲ್ಲೂ ಒಂದು ಸೂಕ್ಷ್ಮವಿದೆ. ಓಓಎಂ ಕಿಲ್ಲರ್ ಪ್ರತಿ ಪ್ರೊಸೆಸ್ಸಿನ ಆರ್‌ಎಸ್‌ಎಸ್, ಸ್ವಾಪ್ (ಡಿಸ್ಕಿಗೆ ಸರಿಸಿದ ಮೆಮೊರಿ) ಮತ್ತು ಪುಟಕೋಷ್ಟಕಗಳನ್ನು ಕೂಡಿಸಿ ಅಂಕ ಕೊಡುತ್ತದೆ. ಕಣಜದ ಪುಟಗಳು ಆರ್‌ಎಸ್‌ಎಸ್‌ನಲ್ಲಿ ಸೇರುವುದಿಲ್ಲ. ಆದ್ದರಿಂದ 24 ಜಿಬಿ ಹಿಡಿದು ಕೂತ ಲೆಕ್ಕಪತ್ರದ ಮಷೀನ್ ಅದರ ಕಣ್ಣಿಗೆ ಸಣ್ಣದೊಂದು ಪ್ರೊಸೆಸ್, 16 ಜಿಬಿಯ ದಾಸ್ತಾನು ದೊಡ್ಡ ಬೇಟೆ. ಪ್ರತಿ ಬಾರಿಯೂ ಅದೇ ಮಷೀನ್ ಸಾಯುತ್ತಿದ್ದುದು ಇದರಿಂದ. ಖಚಿತಪಡಿಸಿಕೊಳ್ಳಲು ಹಳೆಯ ಕರ್ನಲ್ ಲಾಗಿನಲ್ಲಿ ಮೆಮೊರಿ ಮುಗಿದ ಬಗೆಗಿನ ಸಾಲನ್ನು ಹುಡುಕಿ. ಕೊಲ್ಲಲ್ಪಟ್ಟ ಪ್ರೊಸೆಸ್ಸಿನ ಸಂಖ್ಯೆ, ಅದರ ಅನಾನ್ ಆರ್‌ಎಸ್‌ಎಸ್ ಎರಡೂ ಅಲ್ಲಿರುತ್ತವೆ. ನಮಗೆ ಸಿಕ್ಕ ಸಾಲುಗಳೆಲ್ಲ ಬ್ಯಾಕಪ್ಪಿನ ವೇಳೆಯವೇ ಆಗಿದ್ದವು. ಕರೆಂಟು ಇದರಲ್ಲಿ ನಿರಪರಾಧಿ.

ಕಣಜದಲ್ಲಿ ಸಾಕಷ್ಟಿದ್ದೂ ತೊಂದರೆಯಾದರೆ

ಲೆಕ್ಕ ಸರಿಯಿದ್ದೂ ಮಷೀನ್ ಏಳದಿದ್ದರೆ ಮೌಂಟ್ ಮಾಡುವಾಗ ಅಳತೆಯ ಮಿತಿ ಹಾಕಿದ್ದಾರೆಯೇ, ಆ ಕೋಶಕ್ಕೆ ಬರೆಯುವ ಅನುಮತಿ ಇದೆಯೇ ಎಂದು ನೋಡಿ. ಎರಡು ಪ್ರೊಸೆಸರ್ ಸಾಕೆಟ್ ಇರುವ ಸರ್ವರಿನಲ್ಲಿ ಕಣಜ, ಪ್ರತಿ ಪ್ರೊಸೆಸರಿಗೆ ಹತ್ತಿರದ ಮೆಮೊರಿಯ ಗುಂಪುಗಳಾದ ಎರಡು ನೂಮಾ ನೋಡ್‌ಗಳಿಗೆ ಹಂಚಿಹೋಗಿರುತ್ತದೆ. ಗೆಸ್ಟನ್ನು ಒಂದೇ ನೋಡಿಗೆ ಕಟ್ಟಿದ್ದರೆ ಒಟ್ಟು ಲೆಕ್ಕ ಸಾಕಾಗಿ ಆ ನೋಡಿನ ಲೆಕ್ಕ ಸಾಲದೆ ಹೋಗಬಹುದು, ಆಗ ಮಷೀನ್ ಎದ್ದು ಓಡುತ್ತಿರುವಾಗಲೇ ಬಸ್ ಎರರ್ ಬಂದು ಬೀಳುತ್ತದೆ. ಕಂಟೇನರುಗಳಲ್ಲಿ ಸಿಗ್ರೂಪ್ (ಪ್ರೊಸೆಸ್ಸುಗಳ ಗುಂಪಿಗೆ ಮಿತಿ ಹಾಕುವ ಕರ್ನಲ್ ಸೌಲಭ್ಯ) ಹಾಕಿದ ಹ್ಯೂಜ್‌ಟಿಎಲ್‌ಬಿ ಮಿತಿಯೂ ಇಂಥದ್ದೇ ಫಲ ಕೊಡುತ್ತದೆ.

ಇವುಗಳಿಗಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಕ್ಯೂಎಮು 5.0ರ ಬದಲಾವಣೆಯೂ ಹಿಡಿಯುವುದಿಲ್ಲ. ‘ಮೆಮ್-ಪಾತ್’ನಲ್ಲಿ ಕೊಟ್ಟ ಕೋಶ ಇದೆ, ಆದರೆ ಹ್ಯೂಜ್‌ಟಿಎಲ್‌ಬಿ-ಎಫ್‌ಎಸ್ ಅದರ ಮೇಲೆ ಮೌಂಟ್ ಆಗಿಲ್ಲ ಎಂದಿಟ್ಟುಕೊಳ್ಳಿ. ಕ್ಯೂಎಮು ದೃಷ್ಟಿಯಲ್ಲಿ ಅದೊಂದು ಸಾಧಾರಣ ಕೋಶ. ಅಲ್ಲೊಂದು ಕಡತ ಸೃಷ್ಟಿಸಿ, ಗೆಸ್ಟಿನ ಮೆಮೊರಿಯನ್ನು ಅದರ ಮೇಲೆ ಮ್ಯಾಪ್ ಮಾಡಿ, ಯಾವ ದೂರೂ ಇಲ್ಲದೆ ಮುಂದುವರಿಯುತ್ತದೆ, ಏಕೆಂದರೆ ಕೇಳಿದ ಜಾಗದಲ್ಲೇ ಮೆಮೊರಿ ಸಿಕ್ಕಿತಲ್ಲ. ಜಾಗದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಹೀಗೇ, ಆ ಹೆಸರಿನ ಹೊಸ ಕಡತವೇ ಹುಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಸರ್ವರ್ ತಾನಾಗಿ ಮತ್ತೆ ಏಳುವ ನಮ್ಮ ಕಡೆಯ ಕಚೇರಿಗಳಲ್ಲಿ, ಎಂದೋ ಕೈಯಿಂದ ಮಾಡಿದ ಮೌಂಟ್ ಮರುಬೂಟಿನ ನಂತರ ಇಲ್ಲವಾಗುವುದು ಅಪರೂಪವಲ್ಲ. ಆದ್ದರಿಂದ ಮೌಂಟುಗಳ ಪಟ್ಟಿಯಲ್ಲಿ ಆ ಜಾಗದ ಮುಂದೆ ಹ್ಯೂಜ್‌ಟಿಎಲ್‌ಬಿ-ಎಫ್‌ಎಸ್ ಎಂದು ಇದೆಯೇ ಎಂದು ನೋಡಿ, ಮೇಲೆ ಹೇಳಿದ ರ‍್ಯಾಮ್‌ಬ್ಲಾಕ್ ಪರೀಕ್ಷೆಯನ್ನು ಹೊಸ ಆವೃತ್ತಿಗಳಲ್ಲೂ ಬಿಡದೆ ಮಾಡಿ.

ಪರಿಹಾರ

ಮೂರು ದಾರಿಗಳಿವೆ: ಕಣಜವನ್ನು ಹಿಗ್ಗಿಸುವುದು, ಯಾವುದಾದರೂ ಗೆಸ್ಟಿನ ಪಾಲನ್ನು ಕುಗ್ಗಿಸುವುದು, ಅಥವಾ ಒಂದು ಗೆಸ್ಟನ್ನು ತಿಳಿದೂ ತಿಳಿದೂ ಸಾಮಾನ್ಯ ಮೆಮೊರಿಯ ಮೇಲೆ ಓಡಿಸುವುದು. ಕೊನೆಯದು ಬೇಕಿದ್ದರೆ ‘ಮೆಮ್-ಪಾತ್’ ಅನ್ನೇ ತೆಗೆದುಬಿಡಿ. ಫಲಿತಾಂಶ ಹಳೆಯ ಫಾಲ್‌ಬ್ಯಾಕಿನಂತೆಯೇ ಇದ್ದರೂ ಅದು ನೀವು ತೆಗೆದುಕೊಂಡ ತೀರ್ಮಾನ, ಹೋಸ್ಟಿನ ಮೆಮೊರಿ ಲೆಕ್ಕದಲ್ಲಿ ಅದನ್ನು ಸೇರಿಸಿರುತ್ತೀರಿ.

ಹಿಗ್ಗಿಸುವುದಾದರೆ, ಈ ಸರ್ವರಿನಲ್ಲಿ 48 ಜಿಬಿಗೆ 24,576 ಪುಟಗಳು ಬೇಕಾಗುತ್ತಿದ್ದವು. ಹೋಸ್ಟಿಗೆ ಉಳಿಯುವ 16 ಜಿಬಿಯಲ್ಲಿ ಬ್ಯಾಕಪ್ ನಡೆಯುತ್ತದೆಯೇ, ಕ್ಯೂಎಮು ಪ್ರೊಸೆಸ್ಸುಗಳು ಗೆಸ್ಟಿನ ಮೆಮೊರಿಯ ಹೊರತಾಗಿ ತಮಗೆಂದೇ ಬಳಸುವ ಮೆಮೊರಿ ಅದರಲ್ಲಿ ಹಿಡಿಯುತ್ತದೆಯೇ ಎಂದು ನೋಡಬೇಕು. ಸಂಖ್ಯೆಯನ್ನು ‘ಎನ್ಆರ್ ಹ್ಯೂಜ್‌ಪೇಜಸ್’ಗೆ ಬರೆದ ಮೇಲೆ ಅದನ್ನು ಮತ್ತೆ ಓದುವುದನ್ನು ಮರೆಯಬೇಡಿ. ತಿಂಗಳುಗಟ್ಟಲೆ ಓಡಿದ ಹೋಸ್ಟಿನಲ್ಲಿ ಮೆಮೊರಿ ಚೂರುಚೂರಾಗಿ ಹರಡಿಕೊಂಡು, 2 ಎಂಬಿಯ ಒಂದೇ ತುಂಡು ಸಿಗುವುದು ಕಷ್ಟವಾಗುತ್ತದೆ. ಕರ್ನಲ್ ಆಗ ಎಷ್ಟು ಸಿಕ್ಕಿತೋ ಅಷ್ಟನ್ನು ಮಾತ್ರ ಎತ್ತಿಡುತ್ತದೆ, ದೋಷವನ್ನೂ ತಿಳಿಸುವುದಿಲ್ಲ. ಸದ್ದಿಲ್ಲದ ಈ ಗುಣ ಕ್ಯೂಎಮುವಿಗೆ ಮಾತ್ರ ಅಂಟಿದ್ದಲ್ಲ. ‘ಕಾಂಪ್ಯಾಕ್ಟ್ ಮೆಮೊರಿ’ ಎಂಬ ಸೆಟ್ಟಿಂಗಿಗೆ 1 ಬರೆದು ಚೂರುಗಳನ್ನು ಒಟ್ಟುಗೂಡಿಸಿ ಮತ್ತೊಮ್ಮೆ ಯತ್ನಿಸಬಹುದು, ಆದರೆ ಬೂಟ್ ಆಗುವಾಗಲೇ ಕಣಜ ತುಂಬುವಂತೆ ಮಾಡುವುದು ನಿಜವಾದ ಪರಿಹಾರ. 1 ಜಿಬಿ ಅಳತೆಯ ಪುಟಗಳನ್ನು ಬಳಸುವವರಂತೂ ಕರ್ನಲಿನ ಬೂಟ್ ಸಾಲಿನಲ್ಲೇ ಅದನ್ನು ಬರೆಯುವುದು ಒಳ್ಳೆಯದು.

ನಾವು ಆರಿಸಿಕೊಂಡದ್ದು ಎರಡನೆಯ ದಾರಿಯನ್ನು. ಲೆಕ್ಕಪತ್ರದ ಗೆಸ್ಟಿನ ಒಳಗೆ ಒಂದು ವಾರ ಅಳೆದು ನೋಡಿದರೆ ಅದರ ಬಳಕೆ 14 ಜಿಬಿಯನ್ನೂ ದಾಟಲಿಲ್ಲ. ಹೆಚ್ಚಿಗೆ ಕೊಟ್ಟ 8 ಜಿಬಿ ಒಂದು ವರ್ಷದಿಂದ ವ್ಯರ್ಥವಾಗಿತ್ತು. 24 ಅನ್ನು ಮತ್ತೆ 16 ಮಾಡಿದೆವು.

ಅದರ ಜೊತೆಗೆ ಸ್ಕ್ರಿಪ್ಟನ್ನೂ ತಿದ್ದಿದೆವು. ‘ಮೆಮ್-ಪಾತ್’ ಬದಲು, ಗೆಸ್ಟಿನ ಮೆಮೊರಿ ಎಲ್ಲಿಂದ ಬರಬೇಕೆಂದು ಹೇಳುವ ಮೆಮೊರಿ ಬ್ಯಾಕೆಂಡ್ ಎಂಬ ಆಬ್ಜೆಕ್ಟನ್ನು ಪ್ರತ್ಯೇಕವಾಗಿ ಘೋಷಿಸಿ, ಅದರ ಗುರುತನ್ನು ಮಷೀನ್ ಆಯ್ಕೆಯ ‘ಮೆಮೊರಿ-ಬ್ಯಾಕೆಂಡ್’ ಗುಣಕ್ಕೆ ಕೊಡುವುದು 5.0ರಿಂದ ಬಂದ ಕ್ರಮ. ಕಡತದ ಬ್ಯಾಕೆಂಡಿಗಿಂತ ‘ಮೆಮ್‌ಎಫ್‌ಡಿ’ ಬ್ಯಾಕೆಂಡನ್ನು ಹ್ಯೂಜ್‌ಟಿಎಲ್‌ಬಿ ಆಯ್ಕೆಯೊಂದಿಗೆ ಬಳಸುವುದನ್ನು ನಾನು ಮೆಚ್ಚುತ್ತೇನೆ. ಅದಕ್ಕೆ ಮೌಂಟ್ ಮಾಡಿದ ಜಾಗವೇ ಬೇಕಿಲ್ಲವಾದ್ದರಿಂದ ಮೌಂಟ್ ಮರೆತು ಮೋಸ ಹೋಗುವ ಪ್ರಮೇಯವಿಲ್ಲ. ಯಾವುದನ್ನು ಬಳಸಿದರೂ ‘ಪ್ರಿಅಲಾಕ್’ ಆನ್ ಆಗಿರಲಿ. ಆಗ ಗೆಸ್ಟ್ ಏಳುವ ಮುನ್ನವೇ ಎಲ್ಲ ಪುಟಗಳನ್ನೂ ಮುಟ್ಟಿ ಪಡೆಯುವುದರಿಂದ, ನೂಮಾ ಅಥವಾ ಸಿಗ್ರೂಪ್ ಕೊರತೆಯಿದ್ದರೆ ಅದು ಆರಂಭದಲ್ಲೇ ಬಯಲಾಗುತ್ತದೆ, ನಡುರಾತ್ರಿ ಅಲ್ಲ. ಏಳಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಗೆಸ್ಟಿನ ಮೆಮೊರಿಯನ್ನು ಬೇರೊಂದು ಪ್ರೊಸೆಸ್ ಹಂಚಿಕೊಳ್ಳುವ ವಿಹೋಸ್ಟ್-ಯೂಸರ್ ವಿಧಾನದ ಮೂಲಕ ನೆಟ್‌ವರ್ಕ್ ಕೊಡುವವರು ‘ಶೇರ್’ ಗುಣವೂ ಆನ್ ಇದೆಯೇ ನೋಡಿಕೊಳ್ಳಬೇಕು. ಹಂಚಿಕೊಳ್ಳಲಾಗದ ಮೆಮೊರಿಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಪೋಸ್ಟ್‌ಕಾಪಿ (ಗೆಸ್ಟ್ ಹೊಸ ಕಡೆ ಓಡತೊಡಗಿದ ಮೇಲೆ ಉಳಿದ ಮೆಮೊರಿಯನ್ನು ತರುವ) ವಿಧಾನದಲ್ಲಿ ಗೆಸ್ಟನ್ನು ಸಾಗಿಸುವವರಿಗೆ ಎರಡೂ ಕಡೆ ಪುಟದ ಅಳತೆ ಒಂದೇ ಇರಬೇಕಾಗುತ್ತದೆ. ಹಳೆಯ ಕಾಲದಲ್ಲಿ ಗುರಿಯ ಹೋಸ್ಟ್ ಸದ್ದಿಲ್ಲದೆ 4 ಕೆಬಿಗೆ ಇಳಿದು, ದೋಷ ಮಾತ್ರ ಸಾಗಣೆಯ ಹೆಸರಿನಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆಯಿತ್ತು.

ಕೊನೆಯದಾಗಿ, ಸ್ಕ್ರಿಪ್ಟಿನ ಆರಂಭದಲ್ಲೇ ಒಂದು ಸಣ್ಣ ಲೆಕ್ಕ ಸೇರಿಸಿದೆವು: ಏಳಬೇಕಾದ ಎಲ್ಲ ಗೆಸ್ಟುಗಳ ಮೆಮೊರಿಯನ್ನು ಕೂಡಿ, 2 ಎಂಬಿಯಿಂದ ಭಾಗಿಸಿ, ಫ್ರೀಯಿಂದ ರಿಸರ್ವ್ಡ್ ಕಳೆದ ಸಂಖ್ಯೆಯೊಂದಿಗೆ ಹೋಲಿಸುವುದು. ಕಡಿಮೆ ಬಿದ್ದರೆ ಯಾವ ಮಷೀನನ್ನೂ ಎಬ್ಬಿಸದೆ ಎಷ್ಟು ಪುಟ ಕೊರತೆ ಎಂದು ಬರೆದು ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ಲೆಕ್ಕಪತ್ರದ ಪಾಲನ್ನು ಬೇಕೆಂದೇ 18 ಜಿಬಿಗೆ ಏರಿಸಿ ಓಡಿಸಿದಾಗ 1,024 ಪುಟಗಳ ಕೊರತೆ ಎಂದು ಬಂತು. ಮತ್ತೆ 16ಕ್ಕೆ ಇಳಿಸಿ ಓಡಿಸಿದೆವು. ಮೂರೂ ಎದ್ದವು, ಮೂರರ ರ‍್ಯಾಮ್‌ಬ್ಲಾಕ್‌ನಲ್ಲೂ ಪುಟದ ಅಳತೆ 2 ಎಂಬಿ ಎಂದಿತ್ತು, ಫ್ರೀ ಮತ್ತು ರಿಸರ್ವ್ಡ್ ಎರಡೂ ಸೊನ್ನೆಗೆ ಇಳಿದಿದ್ದವು.